42 ದಿನಗಳ ಆಚೆಗಿನ ತಾಯಿ

ಸಮೀಕ್ಷೆಯ ವರದಿ ಬಂದಾಗ ಅದರಲ್ಲಿ ಏನಿದೆ ಎಂದು ಎಲ್ಲರೂ ನೋಡುತ್ತಾರೆ. ಏನನ್ನು ಕೇಳಲಿಲ್ಲ ಎಂದು ನೋಡುವವರು ಕಡಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015-16) ಕರ್ನಾಟಕದ ಶೇ. 23.6 ಹೆರಿಗೆಗಳು ಸಿಸೇರಿಯನ್ ಆಗಿದ್ದವು. ಐದನೇ ಸುತ್ತಿನಲ್ಲಿ (2019-21) ಅದು ಶೇ. 31.5 ಆಯಿತು. ಹೊಟ್ಟೆ ಕೊಯ್ದ ಲೆಕ್ಕ ನಮಗೆ ಸಿಕ್ಕಿತು. ಹತ್ತು ವರ್ಷ ಕಳೆದ ಮೇಲೆ ಆ ತಾಯಿಯ ದಾಂಪತ್ಯ ಹೇಗಿದೆ, ಗಂಡನ ಜೊತೆ ಕೂಡುವಾಗ ಆಕೆಗೆ ನೋವಾಗುತ್ತದೆಯೇ ಎಂಬುದು ಯಾವ ಕೋಷ್ಟಕದಲ್ಲೂ ಇಲ್ಲ.

ಇದು ಕೇಳಬಾರದ ಪ್ರಶ್ನೆಯೇನಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ 14,000ಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಅಧ್ಯಯನ ಇಂದಿಗೂ ಅದೇ ತಾಯಂದಿರ ಬಳಿಗೆ ಮರಳಿ ಹೋಗುತ್ತಿದೆ. ಸಿಸೇರಿಯನ್ ಆದರೆ ದಾಂಪತ್ಯಸುಖ ಕೆಡುವುದಿಲ್ಲ ಎಂಬ ಮಾತು ಅಲ್ಲೂ ಇತ್ತು. ಆ ಮಾಹಿತಿಯನ್ನಿಟ್ಟು 2022ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಬದಲಿಗೆ, 11 ವರ್ಷಗಳ ನಂತರವೂ ಕೂಡುವಾಗಿನ ನೋವು ಸಿಸೇರಿಯನ್ ಆದವರಲ್ಲೇ ಹೆಚ್ಚಾಗಿ ಕಂಡಿತು. ಅದೇ ಹೆಂಗಸನ್ನು ವರ್ಷಗಳ ಕಾಲ ಹಿಂಬಾಲಿಸದೆ ಇಂಥದ್ದು ತಿಳಿಯುವುದಿಲ್ಲ.

ಹಿಂಬಾಲಿಸುವ ಕೆಲಸ ನಮ್ಮಲ್ಲೂ ನಡೆದಿದೆ. ಧಾರವಾಡದ ನೆರೆಯ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಂತಾರಾಷ್ಟ್ರೀಯ ಜಾಲವೊಂದರ ಭಾಗವಾಗಿ ಹಳ್ಳಿಗಳ ಗರ್ಭಿಣಿಯರನ್ನು ನೋಂದಾಯಿಸಿ, ಹೆರಿಗೆಯ ನಂತರ 42 ದಿನಗಳವರೆಗೆ ವಿಚಾರಿಸುತ್ತಾರೆ. ತಾಯಿ ಮತ್ತು ಶಿಶುವಿನ ಸಾವನ್ನು ತಡೆಯಲು ಹುಟ್ಟಿಕೊಂಡ ಈ ದಾಖಲೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೂ 43ನೆಯ ದಿನ ತಾಯಿ ಪುಸ್ತಕದಿಂದ ಹೊರಗಾಗುತ್ತಾಳೆ. ಕುಟುಂಬ ಸಮೀಕ್ಷೆಯಿಂದ ಆಕೆ ಹೊರಗಾಗುವುದು 49 ದಾಟಿದಾಗ, ಅಂದರೆ ಮುಟ್ಟು ನಿಲ್ಲುವ ಹೊತ್ತಿಗೆ, ಹೇಳಿಕೊಳ್ಳುವುದು ಹೆಚ್ಚಾಗುವ ವಯಸ್ಸಿನಲ್ಲಿ.

ಇನ್ನೊಂದು ತೊಡಕು ನೋಡಿ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತೆಯರು ನಾಲ್ಕನೇ ಸುತ್ತಿನಲ್ಲಿ ಶೇ. 20.6, ಐದನೆಯದರಲ್ಲಿ ಶೇ. 44.4. ಹಿಂಸೆ ಹೆಚ್ಚಿತೋ, ಬಾಯಿ ಬಿಟ್ಟವರು ಹೆಚ್ಚಿದರೋ? ಎರಡು ಸುತ್ತಿನಲ್ಲಿ ಉತ್ತರಿಸಿದವರು ಬೇರೆ ಬೇರೆ ಹೆಂಗಸರು. ಹೀಗಾಗಿ ಈ ಅಂಕಿಗಳಿಂದಲೇ ಅದನ್ನು ಬಿಡಿಸಲಾಗದು.

ಪತ್ರಿಕೆಗಳು ಈ ವರದಿಗಳಿಂದ ಮೊದಲು ಹೆಕ್ಕುವುದು ಯಾವ ಧರ್ಮದವರಿಗೆ ಎಷ್ಟು ಮಕ್ಕಳು ಎಂಬುದನ್ನು. ದೇಶದ ಮುಸ್ಲಿಮರಲ್ಲಿ ಆ ಸರಾಸರಿ 1992-93ರ 4.4ರಿಂದ 2019-21ರಲ್ಲಿ 2.36ಕ್ಕೆ ಇಳಿದದ್ದನ್ನು ದಪ್ಪಕ್ಷರದಲ್ಲಿ ಹಾಕಿದವರು ಎಷ್ಟು ಮಂದಿ? ಅದಿರಲಿ. ತನ್ನ ಮನೆಯ ಮಕ್ಕಳನ್ನು ಯಾರೋ ಎಣಿಸಿ ದೂರುತ್ತಾರೆ ಎಂದು ಅರಿತ ಹಳೇ ಹುಬ್ಬಳ್ಳಿಯ ತಾಯಿ ಮಲಗುವ ಕೋಣೆಯ ವಿಷಯವನ್ನು ಸಮೀಕ್ಷೆಯವಳ ಮುಂದೆ ಏಕೆ ಬಿಚ್ಚಿಡಬೇಕು?

ಅಲ್ಲಿಯ ಎಷ್ಟೋ ಮನೆಗಳಿಗೆ ಪ್ರತ್ಯೇಕ ಕೋಣೆಯೇ ಇಲ್ಲ. ಹೊಸ್ತಿಲಲ್ಲಿ ಅತ್ತೆ, ಒಳಗೆ ಮಕ್ಕಳು. ಹಿಂಸೆಯ ಪ್ರಶ್ನೆಗಳನ್ನು ಏಕಾಂತ ಸಿಗದಿದ್ದರೆ ಕೇಳಕೂಡದು ಎಂಬ ನಿಯಮ ಕುಟುಂಬ ಸಮೀಕ್ಷೆಯಲ್ಲಿದೆ, ಅದು ಮೆಚ್ಚತಕ್ಕದ್ದು. ಭಾಷೆಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ‘ಲೈಂಗಿಕ ಸಂಪರ್ಕ’ ಎಂದರೆ ಧಾರವಾಡದ ಹೆಣ್ಣುಮಗಳು ತಲೆ ತಗ್ಗಿಸಿ ಸುಮ್ಮನಾಗುತ್ತಾಳೆ. ‘ಬಿಳಿ ಹೋಗುತ್ತದೆಯೇನವ್ವಾ’ ಎಂದರೆ ಮಾತು ಹೊರಡುತ್ತದೆ. ದಖನಿ ಉರ್ದುವಿನ ಮನೆಯಲ್ಲಿ ಇದನ್ನು ಇನ್ನೊಂದು ಬಗೆಯಲ್ಲಿ ಕೇಳಬೇಕು. ಇನ್ನು ತಂದೆಯರಂತೂ ಹೆಚ್ಚಿನ ಅಧ್ಯಯನಗಳಲ್ಲಿ ಹೆಂಡತಿಯ ಉತ್ತರದಲ್ಲಿ ಮಾತ್ರ ಬಂದು ಹೋಗುತ್ತಾರೆ.

ಧಾರವಾಡದ ವಿದ್ಯಾಗಿರಿಯಲ್ಲಿ ಜನಸಂಖ್ಯಾ ಸಂಶೋಧನಾ ಕೇಂದ್ರವಿದೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ. ಅವಳಿ ನಗರದ ಕೆಲವು ನೂರು ದಂಪತಿಗಳನ್ನು, ಗಂಡ-ಹೆಂಡತಿಯನ್ನು ಬೇರೆ ಬೇರೆಯಾಗಿ, ಮೊದಲ ಹೆರಿಗೆಯಿಂದ ಇಪ್ಪತ್ತು ವರ್ಷ ವಿಚಾರಿಸುವ ಕೆಲಸಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ಒಂದು ಷರತ್ತನ್ನು ಮಾತ್ರ ನಾವು ಸೇರಿಸುತ್ತೇವೆ: ನೋವಿದೆ ಎಂದವಳ ಉತ್ತರವನ್ನು ಬರೆದುಕೊಂಡು ಎದ್ದು ಹೋಗುವಂತಿಲ್ಲ, ಯಾವ ದಿನ ಯಾವ ವೈದ್ಯೆಯ ಬಳಿ ಹೋಗಬೇಕೆಂಬ ಚೀಟಿಯನ್ನು ಅವಳ ಕೈಗಿಟ್ಟೇ ಏಳಬೇಕು.