ಅಂಪೈರ್ ಜಾತಕ

ಅಮೆರಿಕದ ಬೇಸ್‌ಬಾಲ್ ಬೆಟ್ಟಿಂಗ್ ಲೋಕದಲ್ಲಿ ಒಂದು ಪಂಚಾಂಗ ಇದೆ. ಇವತ್ತು ಹೋಮ್ ಪ್ಲೇಟ್ ಹಿಂದೆ ನಿಲ್ಲೋ ಅಂಪೈರ್ ಯಾರು, ಅವರು ನಿಂತ ಆಟಗಳಲ್ಲಿ ಎಷ್ಟು ‘ಓವರ್’, ಎಷ್ಟು ‘ಅಂಡರ್’ ಅನ್ನೋ ಪಟ್ಟಿ ಅದು. ಎರಡೂ ತಂಡಗಳ ರನ್ ಸೇರಿ ಬುಕ್ಕಿ ಹೇಳಿದ ಅಂಕಿ ದಾಟಿದರೆ ಓವರ್, ದಾಟದಿದ್ದರೆ ಅಂಡರ್. ಒಬ್ಬರ ಹೆಸರಿನ ಮುಂದೆ 18–12 ಅಂತಿದ್ದರೆ ಸಲಹೆ ರೆಡಿ: ಇವರು ‘ಓವರ್ ಅಂಪೈರ್’, ಕಣ್ಮುಚ್ಚಿ ಕಟ್ಟಿ. ಜಾತಕ ನೋಡಿ ಮುಹೂರ್ತ ಇಟ್ಟ ಹಾಗೆ.

ಇದು ಬರೀ ಬುರುಡೆ ಅಂತ ತಳ್ಳಿಹಾಕೋದು ಸುಲಭ. ಆದರೆ ಇದರಲ್ಲಿ ಅರ್ಧ ನಿಜ ಇದೆ, ತೊಂದರೆ ಶುರುವಾಗೋದೇ ಅಲ್ಲಿಂದ.

ನಿಜದ ಭಾಗ ಮೊದಲು. ಬ್ಯಾಟರ್ ಬೀಸದೆ ಬಿಟ್ಟ ಪ್ರತಿ ಎಸೆತವನ್ನೂ ಅಂಪೈರ್ ‘ಸ್ಟ್ರೈಕ್’ ಅಥವಾ ‘ಬಾಲ್’ ಅಂತ ಕೂಗಬೇಕು. ಕ್ರಿಕೆಟ್‌ನಲ್ಲಿ ವೈಡ್ ಕೊಡೋ ಹಾಗೆ, ಆದರೆ ಒಂದೇ ಆಟದಲ್ಲಿ ಸುಮಾರು 150 ಸಲ. ನಿಯಮಪುಸ್ತಕದ ಪ್ರಕಾರ ಸ್ಟ್ರೈಕ್ ಝೋನ್‌ನ ಅಗಲ 17 ಇಂಚು. ಎತ್ತರ ಮೊಣಕಾಲಿನ ಕೆಳಗಿನಿಂದ ಭುಜ ಮತ್ತು ಸೊಂಟದ ನಡುಮಧ್ಯದವರೆಗೆ. ಪುಸ್ತಕ ಒಂದೇ, ಕಣ್ಣುಗಳು ಬೇರೆ ಬೇರೆ. ಕೆಲವರು ಝೋನ್ ಹಿಗ್ಗಿಸ್ತಾರೆ, ಪಿಚರ್‌ಗಳಿಗೆ ಹಬ್ಬ. ಕೆಲವರು ಬಿಗಿ ಮಾಡ್ತಾರೆ, ಬ್ಯಾಟರ್‌ಗಳು ಪುಕ್ಕಟೆ ಮೊದಲ ಬೇಸ್‌ಗೆ ನಡೀತಾರೆ. 2008ರ ಹೊತ್ತಿಗೆ ಮೇಜರ್ ಲೀಗ್ ಮೈದಾನಗಳಲ್ಲಿ ಪ್ರತಿ ಎಸೆತ ಅಳೆಯೋ ಕ್ಯಾಮೆರಾ ಬಂದವು. ಆಮೇಲೆ ಇದು ಬರೀ ಗಾಳಿಮಾತಾಗಿ ಉಳಿಯಲಿಲ್ಲ.

ಆ ಲೆಕ್ಕಗಳಿಂದ ಇನ್ನೊಂದು ವಿಷಯವೂ ಹೊರಬಿತ್ತು. ಮೂರು ಬಾಲ್ ಆಗಿ ಸ್ಟ್ರೈಕ್ ಒಂದೂ ಇಲ್ಲದಾಗ ಅಂಪೈರ್‌ಗಳ ಝೋನ್ ದೊಡ್ಡದಾಗುತ್ತೆ. ಎರಡು ಸ್ಟ್ರೈಕ್ ಆಗಿ ಬಾಲ್ ಒಂದೂ ಇಲ್ಲದಾಗ ಸಣ್ಣದಾಗುತ್ತೆ. ಸೋಲ್ತಿರೋನ ಕಡೆ ತಕ್ಕಡಿ ತುಸು ವಾಲುತ್ತೆ. ಇದು ಯಾರೋ ಒಬ್ಬರ ಗುಣ ಅಲ್ಲ, ಹೆಚ್ಚುಕಮ್ಮಿ ಎಲ್ಲರದ್ದೂ. ಬೆಟ್ಟಿಂಗ್ ಪಟ್ಟಿಗೆ ಇಂಥದ್ದು ಬೇಡ, ಅದಕ್ಕೆ ಬೇಕಿರೋದು ಹೆಸರು.

ಈಗ ಉಳಿದರ್ಧ. ಪಟ್ಟಿ ಅಳೀತಿರೋದು ಝೋನ್ ಅನ್ನಲ್ಲ, ರನ್‌ಗಳನ್ನ. ರನ್ ಬರೋಕೆ ಪಿಚರ್, ಗಾಳಿ, ಮೈದಾನ ಎಲ್ಲ ಕಾರಣ. ಸಮುದ್ರಮಟ್ಟದಿಂದ ಮೈಲಿ ಎತ್ತರದ ಡೆನ್ವರ್‌ನಲ್ಲಿ ಚೆಂಡು ದೂರ ಹಾರುತ್ತೆ, ಅಲ್ಲಿ ರನ್ ಸುರಿಯೋದು ಮಾಮೂಲು. ಅದನ್ನೂ ಅಂಪೈರ್ ಖಾತೆಗೆ ಬರೆದರೆ ಹೇಗೆ?

ಅದಕ್ಕಿಂತ ದೊಡ್ಡ ತೂತು ಸಂಖ್ಯೆಯದ್ದು. ಒಬ್ಬ ಅಂಪೈರ್ ಒಂದು ಸೀಸನ್‌ನಲ್ಲಿ ಪ್ಲೇಟ್ ಹಿಂದೆ ನಿಲ್ಲೋದು ಹೆಚ್ಚುಕಮ್ಮಿ 30 ಆಟ. ಲೀಗ್‌ನಲ್ಲಿ ಕಾಯಂ ಅಂಪೈರ್‌ಗಳು 76. ಅವರನ್ನೆಲ್ಲ ಮನೆಗೆ ಕಳಿಸಿ, ಒಬ್ಬೊಬ್ಬರ ಬದಲು ಒಂದೊಂದು ನಾಣ್ಯ ತಗೊಂಡು 30 ಸಲ ಚಿಮ್ಮಿ. 76 ನಾಣ್ಯಗಳಲ್ಲಿ 13–14 ನಾಣ್ಯ 18 ಅಥವಾ ಅದಕ್ಕಿಂತ ಹೆಚ್ಚು ಸಲ ‘ಓವರ್’ ತೋರಿಸೋದು ಸಹಜ. ಅವಕ್ಕೆ ಯಾವ ಗುಣವೂ ಇಲ್ಲ, ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು ಅಷ್ಟೆ. ಆಫೀಸ್ ಮೀಟಿಂಗ್‌ನಲ್ಲಿ ಯಾರಾದರೂ 30 ಸ್ಯಾಂಪಲ್ ಇಟ್ಕೊಂಡು ಹೊಸ ಫೀಚರ್ ಗೆದ್ದಿದೆ ಅಂದ್ರೆ ನಾವು ಬಿಡ್ತೀವಾ? ನಮ್ಮದೇ ದುಡ್ಡು ಕಟ್ಟುವಾಗ ಮಾತ್ರ ಆ ಅನುಮಾನ ಎಲ್ಲಿ ಹೋಗುತ್ತೋ.

ಸರಿ, ಒಬ್ಬರ ಝೋನ್ ನಿಜಕ್ಕೂ ಬಿಗಿ ಅಂತಲೇ ಇಟ್ಕೊಳ್ಳಿ. ಬುಕ್ಕಿಗೆ ಗೊತ್ತಿಲ್ವಾ? ಇವತ್ತು ಮೊದಲ ಬೇಸ್‌ನಲ್ಲಿ ನಿಂತ ಅಂಪೈರ್ ನಾಳೆ ಪ್ಲೇಟ್ ಹಿಂದೆ ಬರ್ತಾರೆ. ಸರದಿ ಊರಿಗೆಲ್ಲ ಗೊತ್ತಿರೋ ಗುಟ್ಟು. ಓವರ್–ಅಂಡರ್ ಅಂಕಿಯಲ್ಲೇ ಅದು ಸೇರಿರುತ್ತೆ. ಮೇಲಾಗಿ, 100 ಡಾಲರ್ ಗೆಲ್ಲೋಕೆ 110 ಕಟ್ಟೋದು ಅಲ್ಲಿನ ರೂಢಿ. ಹಾಗೆ ನೂರು ಸಲ ಕಟ್ಟಿ 52 ಸಲ ಗೆದ್ದರೂ ಕೊನೆಗೆ 80 ಡಾಲರ್ ಕೈಬಿಟ್ಟಿರುತ್ತೆ. ಪಟ್ಟಿಯ ಕೆಳಗೆ ಈ ಸಾಲು ಮಾತ್ರ ಯಾರೂ ಅಚ್ಚು ಹಾಕಲ್ಲ.

ಇದು ಬರೀ ದುಡ್ಡಿನ ಮಾತೂ ಅಲ್ಲ. 2022ರ ವರ್ಲ್ಡ್ ಸೀರೀಸ್‌ನ ಎರಡನೇ ಆಟದಲ್ಲಿ ಪ್ಯಾಟ್ ಹೋಬರ್ಗ್ ತೀರ್ಪು ಕೊಟ್ಟ 129 ಎಸೆತಗಳೂ ಸರಿ ಅಂತ ಅಂಪೈರ್‌ಗಳಿಗೆ ಅಂಕ ಕೊಡೋರು ಲೆಕ್ಕ ಹಾಕಿದ್ದರು. ನೂರಕ್ಕೆ ನೂರು. ಅದೇ ಹೋಬರ್ಗ್ ಅವರನ್ನ ಕೆಲಸದಿಂದ ತೆಗೆದದ್ದು 2025ರ ಫೆಬ್ರವರಿಯಲ್ಲಿ ಪ್ರಕಟವಾಯ್ತು. ಬೇಸ್‌ಬಾಲ್ ಮೇಲೆ ಬೆಟ್ ಕಟ್ತಿದ್ದ ಗೆಳೆಯನ ಜೊತೆ ಬೆಟ್ಟಿಂಗ್ ಅಕೌಂಟ್ ಹಂಚ್ಕೊಂಡಿದ್ದರು ಅನ್ನೋದು ಕಾರಣ. ಅವರೇ ಬೇಸ್‌ಬಾಲ್ ಮೇಲೆ ಕಟ್ಟಿದ್ದಕ್ಕಾಗಲಿ, ಆಟ ತಿರುಚಿದ್ದಕ್ಕಾಗಲಿ ಸಾಕ್ಷಿ ಸಿಗಲಿಲ್ಲ. ಆದರೂ ಲೀಗ್ ತೆಗೆಯಿತು. ಅಂಪೈರ್ ಸುತ್ತ ಬೆಟ್ಟಿಂಗ್ ವಾಸನೆಯೂ ಇರಬಾರದು ಅನ್ನೋದು ಸರಿಯೇ. ಆದರೆ 2018ರ ಮೇನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಬೆಟ್ಟಿಂಗ್ ಬಾಗಿಲು ತೆರೆದ ಆರೇ ತಿಂಗಳಲ್ಲಿ, ಎಂಜಿಎಂ ಕಂಪನಿಯನ್ನ ಅಧಿಕೃತ ಬೆಟ್ಟಿಂಗ್ ಪಾಲುದಾರ ಮಾಡ್ಕೊಂಡದ್ದೂ ಇದೇ ಲೀಗ್. ನೋಡುಗರಿಗೆ ಬೆಟ್ ಕಟ್ಟಿ ಅನ್ನೋದು, ಅಂಪೈರ್ ಮೇಲೆ ಅನುಮಾನ ಬರದಿರಲಿ ಅಂತ ಆಶಿಸೋದು, ಎರಡೂ ಒಟ್ಟಿಗೆ ಎಷ್ಟು ದಿನ ನಡೆಯುತ್ತೆ? ‘ಓವರ್ ಅಂಪೈರ್’ ಅಂತ ನಂಬಿ ಕಟ್ಟಿ ಸೋತವನಿಗೆ ಮರುಕ್ಷಣ ಆ ಅಂಪೈರೇ ಕಳ್ಳನ ಹಾಗೆ ಕಾಣ್ತಾರೆ.

2026ರ ಸೀಸನ್‌ಗೆ ಲೀಗ್ ಹೊಸ ನಿಯಮ ಒಪ್ಪಿದೆ. ಪ್ರತಿ ತಂಡಕ್ಕೆ ಎರಡು ಚಾಲೆಂಜ್. ಬ್ಯಾಟರ್, ಪಿಚರ್ ಅಥವಾ ಕ್ಯಾಚರ್ ತಲೆ ಮುಟ್ಟಿ ಕೇಳಿದರೆ ಕ್ಯಾಮೆರಾ ತೀರ್ಪು ಹೇಳುತ್ತೆ, ಕೇಳಿದ್ದು ಸರಿಯಾದರೆ ಚಾಲೆಂಜ್ ಉಳಿಯುತ್ತೆ. ನಮ್ಮ ಡಿಆರ್‌ಎಸ್ ಥರಾನೇ. ಅಂದ್ರೆ ಆಟ ತಿರುಗಿಸೋ ತಪ್ಪುಗಳಲ್ಲಿ ಒಂದಿಷ್ಟು ಅಲ್ಲೇ ತಿದ್ದಿಹೋಗುತ್ತೆ. ಹಳೇ ಅಂಕಿಗಳ ಮೇಲೆ ಬರೆದ ಜಾತಕಕ್ಕೆ ಉಳಿದಿದ್ದ ಅರ್ಧ ನಿಜವೂ ಸವೆಯುತ್ತೆ.

ಅಂಪೈರ್ ಝೋನ್ ಗಮನಿಸೋದು ಆಟ ನೋಡೋದರ ಒಂದು ಸುಖ, ಅದನ್ನ ಬಿಡಬೇಡಿ. ಆದರೆ 18–12 ತೋರಿಸಿ ಯಾರಾದರೂ ಕಟ್ಟಿ ಅಂದ್ರೆ ಮೂರೇ ಪ್ರಶ್ನೆ ಕೇಳಿ: ಎಷ್ಟು ಆಟ? ಯಾವ ಮೈದಾನ? ಇದು ಬುಕ್ಕಿಗೆ ಗೊತ್ತಿಲ್ವಾ?