ಬೇಗಲ್‌ಗೆ ಈಳಿಗೆಯೇ ಸೈ

ಬೇಗಲ್ ಎಂಬ ಬ್ರೆಡ್ಡು ಕೊಯ್ಯಲು ಚಾಕು ತಕ್ಕ ಸಾಧನವಲ್ಲ. ಅದನ್ನು ತಿಂದೇ ಬೆಳೆದ ಅಮೆರಿಕದಲ್ಲೂ ಬೆಳಗಿನ ಹೊತ್ತು ಅಂಗೈ ಕೊಯ್ದುಕೊಂಡು ಆಸ್ಪತ್ರೆಗೆ ಓಡುವವರಿದ್ದಾರೆ. ಅವರಿಗಾಗಿಯೇ ಅಲ್ಲಿ ‘ಬೇಗಲ್ ಗಿಲೊಟಿನ್’ ಎಂಬ ಉಪಕರಣ ಮಾರುತ್ತಾರೆ: ಬೇಗಲ್ಲನ್ನು ನಿಲ್ಲಿಸಿ ಹಿಡಿಯುವ ತೊಟ್ಟಿ, ಮೇಲಿಂದ ಇಳಿಯುವ ಅಲಗು. ಒಂದೇ ಕೆಲಸಕ್ಕೆ ಅಷ್ಟು ದೊಡ್ಡ ಸಲಕರಣೆ!

ತೊಡಕಿರುವುದು ಬೇಗಲ್ಲಿನ ಮೈಯಲ್ಲೇ. ಕೋಡುಬಳೆಯಂತೆ ಬಳೆಯಾಕಾರ, ಆದರೆ ಅಂಗೈಯಗಲ. ಬೇಯಿಸುವ ಮೊದಲು ಅದನ್ನು ಕುದಿಯುವ ನೀರಿಗೆ ಬಿಡುತ್ತಾರೆ. ಹೊರಮೈಯ ಪಿಷ್ಟ ಆಗಲೇ ಬೆಂದು ಗಟ್ಟಿಯಾಗುವುದರಿಂದ ಒಲೆಯಲ್ಲಿ ಬನ್ನಿನ ಹಾಗೆ ಉಬ್ಬಲು ಆಸ್ಪದವಿಲ್ಲ. ಸಿಪ್ಪೆ ಹೊಳೆಯುತ್ತದೆ, ಒಳಗಿನ ತಿರುಳು ಜಗಿಜಗಿಯಾಗುತ್ತದೆ. ಚಾಕು ಇಟ್ಟರೆ ಮೊದಲು ಸಿಪ್ಪೆಯ ಮೇಲೆ ಜಾರುತ್ತದೆ, ಆಮೇಲೆ ತಿರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿ ಒತ್ತುತ್ತೀರಿ. ಅಷ್ಟರಲ್ಲಿ ನಡುವಿನ ತೂತು ಬಂದು ತಡೆಯೇ ಇಲ್ಲದಂತಾಗಿ, ಚಾಕು ನೇರ ಅಂಗೈಗೆ.

ಪೋಲೆಂಡಿನ ಕ್ರಾಕೋವ್ ಪಟ್ಟಣದ ಯಹೂದಿ ಸಮುದಾಯದ 1610ರ ಕಟ್ಟಳೆಗಳಲ್ಲಿ ಬಾಣಂತಿಯ ಮನೆಗೆ ಕೊಡುವ ತಿನಿಸಾಗಿ ಬೇಗಲ್ಲಿನ ಹೆಸರು ಬರುತ್ತದೆ. ಅಷ್ಟು ಹಳೆಯ ತಿನಿಸಾದರೂ ನಮ್ಮ ಆಡೂರಿನಲ್ಲಿ ಬೇಗಲ್ ಬೇಕೆಂದರೆ ಮನೆಯಲ್ಲೇ ಮಾಡಿಕೊಳ್ಳಬೇಕು. ಅರ್ಧ ಕಿಲೋ ಮೈದಾಕ್ಕೆ 280 ಗ್ರಾಂ ನೀರು ಸಾಕು. ಹಿಟ್ಟು ಪೂರಿ ಹಿಟ್ಟಿನಷ್ಟು ಬಿಗಿಯಾಗಿರಬೇಕು. ಕುದಿಸುವ ನೀರಿಗೆ ಅಮೆರಿಕದವರು ಮಾಲ್ಟ್ ಸೇರಿಸುತ್ತಾರೆ, ಕೆನಡಾದ ಮಾಂಟ್ರಿಯಲ್‌ನವರು ಜೇನುತುಪ್ಪ. ನಾನು ಒಂದು ಹಿಡಿ ಬೆಲ್ಲ ಹಾಕುತ್ತೇನೆ. ಬಣ್ಣಕ್ಕೇನೂ ಕೊರತೆಯಾಗಿಲ್ಲ.

ಕೊಯ್ಯುವ ದಾರಿ ತೋರಿಸಿದ್ದು ಮಾತ್ರ ನಮ್ಮ ಅವ್ವ. ನನ್ನ ಚಾಕುವಿನ ಒದ್ದಾಟ ನೋಡಿ, ‘ಚಾಕು ಯಾಕ ಆಡಸ್ತೀಯೋ, ಬ್ರೆಡ್ಡು ತಿರುಗಸು’ ಎಂದವಳೇ ಈಳಿಗಿ ಮಣಿ ಎಳೆದುಕೊಂಡು ಕೂತಳು. ಈಳಿಗೆಯ ಗುಟ್ಟೇ ಅದು. ಅಲಗು ಅಲುಗಾಡುವುದಿಲ್ಲ, ಮಣೆ ಕಾಲಿನ ಕೆಳಗೆ ಭದ್ರ, ಎರಡೂ ಕೈ ವಸ್ತುವಿನ ಮೇಲೆ. ಬೇಗಲ್ಲಿನ ಅಂಚನ್ನು ಅಲಗಿಗೆ ಒತ್ತಿ, ತೂತು ಸಿಗುವವರೆಗೆ ಮಾತ್ರ ಒಳಗೆ ಬಿಟ್ಟು, ಆಮೇಲೆ ಗಾಲಿಯ ಹಾಗೆ ತಿರುಗಿಸುತ್ತಾ ಹೋದರೆ ಒಂದು ಸುತ್ತಿಗೆ ಎರಡು ಸಮ ಹೋಳು. ಬೆರಳುಗಳು ಅಲಗಿನ ಆಚೀಚೆ ಇರುತ್ತವೆ, ಎದುರಿಗಲ್ಲ. ಅಲಗು ಹರಿತವಾಗಿರಬೇಕು ಅಷ್ಟೆ. ಮೊಂಡಾದರೆ ತಿರುಳು ಹಿಚುಕಿ ಮುದ್ದೆಯಾಗುತ್ತದೆ.

ಅಡ್ಡ ಸೀಳಿ ಎರಡು ಮಾಡುವುದೇ ಲೋಕರೂಢಿ. ಅದನ್ನು ಬಿಟ್ಟವರ ಪಾಡು ಏನಾಯಿತೆಂದು 2019ರ ಮಾರ್ಚಿನಲ್ಲಿ ಅಮೆರಿಕ ನೋಡಿತು. ಸೇಂಟ್ ಲೂಯಿಸ್‌ನವರೊಬ್ಬರು ಬೇಗಲ್ಲನ್ನು ಬ್ರೆಡ್ಡಿನ ಹಾಗೆ ಮೇಲಿಂದ ಕೆಳಕ್ಕೆ ತೆಳುವಾಗಿ ಹೆಚ್ಚಿಸಿ ತಂದು, ಇದು ನಮ್ಮೂರ ಗುಟ್ಟು ಎಂದು ಜಾಲತಾಣದಲ್ಲಿ ಚಿತ್ರ ಹಾಕಿದರು. ದೇಶವೇ ರೇಗಿತು, ಇದು ಪೊಲೀಸರಿಗೆ ಹೇಳಬೇಕಾದ ಅಪರಾಧ ಎಂದು ತಮಾಷೆ ಮಾಡಿದವರೂ ಇದ್ದರು. ನಾನಂತೂ ಸೇಂಟ್ ಲೂಯಿಸ್ ಪಕ್ಷ. ಈಳಿಗೆಯಲ್ಲಿ ಹಾಗೆ ಹೆಚ್ಚಿದ ತುಂಡುಗಳನ್ನು ಹಂಚಿನ ಮೇಲೆ ಬೆಣ್ಣೆ ಹಾಕಿ ಕೆಂಪಗೆ ಮಾಡಿ, ಗುರೆಳ್ಳು ಚಟ್ನಿಪುಡಿ ಕಲಸಿದ ಗಟ್ಟಿ ಮೊಸರಿನಲ್ಲಿ ಅದ್ದಿ ನೋಡಿ. ಎರಡು ಹೋಳಿನ ಬೇಗಲ್‌ಗೆ ಈ ಗರಿಗರಿ ಬರುವುದಿಲ್ಲ. ಮಾರನೆಯ ದಿನದ ಗಟ್ಟಿ ಬೇಗಲ್‌ಗಂತೂ ಇದೇ ಮದ್ದು.

ಇನ್ನೊಂದು ವಿಧಾನ ತಿನ್ನುವುದಕ್ಕಿಂತ ಬೆರಗಾಗುವುದಕ್ಕೆ. ಗಣಿತಶಿಲ್ಪಿ ಜಾರ್ಜ್ ಹಾರ್ಟ್ ತೋರಿಸಿಕೊಟ್ಟದ್ದು: ಬಳೆಯ ಸುತ್ತ ಹೋಗುತ್ತಾ ಅಲಗನ್ನು ಕ್ರಮವಾಗಿ ಒಂದು ಪೂರ್ತಿ ಸುತ್ತು ತಿರುಚುತ್ತಾ ಬಂದರೆ, ಬೇಗಲ್ ಎರಡಾಗುತ್ತದೆ, ಆದರೆ ಹೋಳುಗಳು ಬೇರೆಯಾಗುವುದಿಲ್ಲ, ಸರಪಳಿಯ ಎರಡು ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಅರ್ಧ ಸುತ್ತು ಮಾತ್ರ ತಿರುಚಿದರೆ ತುಂಡು ಒಂದೇ! ಆಗ ಸೀಳಿನ ಮೈ ಜರ್ಮನಿಯ ಗಣಿತಜ್ಞ ಮೋಬಿಯಸ್ 1858ರಲ್ಲಿ ವಿವರಿಸಿದ ಒಂದೇ ಮಗ್ಗುಲಿನ ಪಟ್ಟಿ. ಇಂಥ ತಿರುಚು ಸೀಳಿಗೆ ಈಳಿಗೆ ಒಗ್ಗುವುದಿಲ್ಲ. ಅದರ ಅಗಲ ಅಲಗು ತಿರುಳಿನೊಳಗೆ ಹೊರಳಲಾರದು. ಸಣ್ಣ ಮೊನೆಚಾಕು ಬೇಕು. ಆದರೆ ಅವ್ವನ ಸೂತ್ರ ಇಲ್ಲೂ ನಡೆಯುತ್ತದೆ: ಚಾಕುವನ್ನು ಗಟ್ಟಿಯಾಗಿ ಹಿಡಿದು ಬೇಗಲ್ಲನ್ನೇ ತಿರುಗಿಸಿ, ಹೊರಳಿಸಿ. ಪೂರ್ತಿ ಸುತ್ತಿನ ಸೀಳಿಗೆ ಮೊದಲು ಅರಿಸಿನ ನೀರಲ್ಲಿ ಕಡ್ಡಿ ಅದ್ದಿ ಗೆರೆ ಎಳೆದುಕೊಳ್ಳಿ. ಕಾಲು ಕಾಲು ಸುತ್ತಿಗೆ ಗೆರೆ ಮೇಲ್ಮೈಯಿಂದ ಹೊರ ಅಂಚಿಗೆ, ಅಲ್ಲಿಂದ ತಳಕ್ಕೆ, ತಳದಿಂದ ತೂತಿನ ಬದಿಗೆ, ಮತ್ತೆ ಮೇಲಕ್ಕೆ ಬರಬೇಕು. ಇದಕ್ಕೆ ಸದಾ ಎದುರು ಬದಿಯಲ್ಲಿ ಎರಡನೆಯ ಗೆರೆ. ಚಾಕು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹೊರಬರಬೇಕು.

ಕೊಂಡಿ ಬೇಗಲ್‌ನ ಸೀಳಿನ ಮೈ ಮಾಮೂಲಿಗಿಂತ ತುಸು ಹೆಚ್ಚು, ಅಂದರೆ ಬೆಣ್ಣೆಯೂ ತುಸು ಹೆಚ್ಚು ಹಿಡಿಯುತ್ತದೆ. ಆದರೆ ಅದನ್ನು ಸವರುವುದು ಫಜೀತಿ, ಹಂಚಿನ ಮೇಲೆ ಕಾಯಿಸುವುದು ಇನ್ನೂ ಫಜೀತಿ. ರಜೆಗೆ ಬಂದ ಮಕ್ಕಳ ಮುಂದೆ ಒಮ್ಮೆ ಮಾಡಿ ತೋರಿಸಿ, ಸಾಕು. ದಿನದ ತಿಂಡಿಗೆ ಈಳಿಗೆ, ಸೇಂಟ್ ಲೂಯಿಸ್ ತುಂಡು. ಯಾವ ಬಗೆಯಲ್ಲಿ ಕೊಯ್ದರೂ ಬೇಗಲ್ ಪೂರ್ತಿ ಆರುವವರೆಗೆ ಕಾಯಿರಿ. ಬಿಸಿ ಇರುವಾಗ ಕೊಯ್ದರೆ ತಿರುಳು ಅಂಟಂಟಾಗಿ ಅಲಗಿಗೇ ಮೆತ್ತಿಕೊಳ್ಳುತ್ತದೆ.