ಎರಡನೇ ಚೌಕಕ್ಕೆ ದಾಟಿದ ಬಣ್ಣ

0.4ನ್ನು 3ರಿಂದ ಗುಣಿಸು ಅಂದರೆ ಐದನೇ ತರಗತಿಯಲ್ಲಿ ಒಂದಿಬ್ಬರಾದರೂ 0.12 ಎಂದು ಬರೆದಿರುತ್ತಾರೆ. ನಾಕ್ಮೂರ್ಲಿ ಹನ್ನೆರಡು, ಅದರ ಮುಂದೊಂದು ಬಿಂದು, ಮುಗಿಯಿತು. ಆಗ ನಾವು ಮಾಡುವುದಿಷ್ಟೇ: ಬಿಂದುವಿನ ಬಲಕ್ಕೆ ಎಷ್ಟು ಅಂಕಿಯಿದೆ ಎಣಿಸು, ಉತ್ತರದಲ್ಲೂ ಅಷ್ಟೇ ಸ್ಥಾನ ಬಿಡು ಎಂಬ ನಿಯಮವನ್ನು ಇನ್ನೊಮ್ಮೆ, ಸ್ವಲ್ಪ ದನಿಯೇರಿಸಿ ಹೇಳುತ್ತೇವೆ. ನಿಯಮದಲ್ಲಿ ದೋಷವಿಲ್ಲ. ಆದರೆ ಹೆಚ್ಚುಕಡಿಮೆ ಅರ್ಧದಷ್ಟಿರುವುದನ್ನು ಮೂರು ಸಲ ಕೂಡಿದರೆ ಕಾಲು ಭಾಗವೂ ಆಗಲಿಲ್ಲವೇ ಎಂಬ ಅನುಮಾನ ಆ ಮಗುವಿಗೆ ಬಂದೇ ಇಲ್ಲವಲ್ಲ! ಅದನ್ನು ಹುಟ್ಟಿಸಲು ನೂರು ಮನೆಯ ಚೌಕಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಉದ್ದಕ್ಕೆ ಹತ್ತು, ಅಡ್ಡಕ್ಕೆ ಹತ್ತು ಮನೆ. ಇಡೀ ಚೌಕ ಒಂದು. ಒಂದು ಕಂಬಸಾಲು ದಶಾಂಶ. ಒಂದು ಮನೆ ಶತಾಂಶ. ಅಂಗಡಿಯ ಗ್ರಾಫ್ ಹಾಳೆ ಬೇಡ, ಅದರ ಮಿಲಿಮೀಟರ್ ಮನೆಗಳಲ್ಲಿ ಕ್ರೆಯಾನ್ ಒಮ್ಮೆ ಆಡಿದರೆ ನಾಲ್ಕೈದು ಮುಚ್ಚಿಹೋಗುತ್ತವೆ. ಲೆಕ್ಕದ ಚೌಕುಳಿ ನೋಟ್‌ಬುಕ್ಕೇ ಸಾಕು.

ಈಗ 0.35 × 3. ಮೂರು ಬಣ್ಣ ಬೇಕು. ಮೊದಲ 0.35 ಕೆಂಪು: ಮೂರು ಕಂಬಸಾಲು ಪೂರ್ತಿ, ನಾಲ್ಕನೆಯದರಲ್ಲಿ ಐದು ಮನೆ. ಎರಡನೆಯ 0.35 ಹಸಿರು. ಇಲ್ಲೇ ಮಕ್ಕಳು ತಪ್ಪುವುದು. ಅಂದವಾಗಿ ಕಾಣಲೆಂದು ಹೊಸ ಕಂಬಸಾಲಿನಿಂದ ಶುರುಮಾಡುತ್ತಾರೆ. ಹಾಗಾಗಕೂಡದು. ನಾಲ್ಕನೇ ಸಾಲಿನಲ್ಲಿ ಉಳಿದ ಐದು ಮನೆ ಮೊದಲು ತುಂಬಬೇಕು, ಆಮೇಲೆ ಐದು, ಆರು, ಏಳನೇ ಸಾಲು. ಎರಡು ಐದು ಸೇರಿ ಒಂದು ದಶಾಂಶವಾಗುವುದು, ನಾವು 'ದಶಕ' ಎಂದು ತಲೆಯ ಮೇಲೆ ಬರೆಯುವುದು, ಇಲ್ಲಿ ಬಣ್ಣದಲ್ಲೇ ಕಾಣುತ್ತದೆ. ಮೂರನೆಯದು ನೀಲಿ: ಎಂಟು, ಒಂಬತ್ತು, ಹತ್ತನೇ ಸಾಲು ತುಂಬಿತು, ಚೌಕವೂ ಮುಗಿಯಿತು, ಕೈಯಲ್ಲಿ ಇನ್ನೂ ಐದು ಮನೆ ಬಾಕಿ! "ಜಾಗ ಇಲ್ಲ ಮಿಸ್" ಎಂದು ಮಗು ತಲೆಯೆತ್ತಿದರೆ ಆ ದಿನದ ಪಾಠ ಗೆದ್ದಂತೆ. ಪಕ್ಕದಲ್ಲಿ ಇನ್ನೊಂದು ಚೌಕ ಎಳೆದು ಐದು ಮನೆಗೆ ನೀಲಿ ಹಚ್ಚಲಿ. ಒಂದು ಚೌಕ, ಐದು ಮನೆ: 1.05. ಐದರ ಹಿಂದೆ ಆ ಸೊನ್ನೆ ಏಕೆ ಎಂದು ವಿವರಿಸಬೇಕಿಲ್ಲ. ಎರಡನೇ ಚೌಕದಲ್ಲಿ ಒಂದು ಕಂಬಸಾಲೂ ತುಂಬಿಲ್ಲ, ಅಷ್ಟೇ.

ಗುಣಿಸಿದರೆ ದೊಡ್ಡದಾಗಲೇಬೇಕು ಎಂಬ ಹಳೆಯ ನಂಬಿಕೆಯೂ ಇಲ್ಲೇ ಸಡಿಲವಾಗುತ್ತದೆ. ಉತ್ತರ 3ಕ್ಕಿಂತ ಎಷ್ಟೋ ಕಡಿಮೆ; ಹಚ್ಚಿದ ಪಾಲು ಒಂದೂ ಪೂರ್ತಿ ಚೌಕದಷ್ಟು ಇರಲಿಲ್ಲವಲ್ಲ.

ರೂಪಾಯಿ–ಪೈಸೆಯಲ್ಲಿ ಹೇಳಿಕೊಡಬಾರದೇ ಎನ್ನುವವರಿದ್ದಾರೆ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ಪೈಸೆಯದಾದಾಗ ಅದಕ್ಕಿಂತ ಒಳ್ಳೆಯ ಪಾಠೋಪಕರಣ ಇರಲಿಲ್ಲ, ಒಪ್ಪುತ್ತೇನೆ. ಆದರೆ ನಾಲ್ಕಾಣೆ 2011ರಲ್ಲೇ ಚಲಾವಣೆಯಿಂದ ಹೋಯಿತು, ಎಂಟಾಣೆಯನ್ನು ಅಂಗಡಿಯವನೂ ಮುಟ್ಟುವುದಿಲ್ಲ. ಕೈಯಲ್ಲಿ ಹಿಡಿಯದ ಪೈಸೆ ಮಗುವಿಗೆ ಬರೀ ಇನ್ನೊಂದು ನಿಯಮ. ಅದರ ಬದಲು ದರ್ಜಿಯ ಟೇಪು ತನ್ನಿ. ಮೂವತ್ತೈದು ಸೆಂಟಿಮೀಟರಿನ ಮೂರು ರಿಬ್ಬನ್ ತುಂಡುಗಳನ್ನು ತುದಿಗೆ ತುದಿ ಇಟ್ಟರೆ ಒಂದು ಮೀಟರ್ ದಾಟಿ ಐದು ಸೆಂಟಿಮೀಟರ್. ಚೌಕದ ಉತ್ತರಕ್ಕೆ ಟೇಪು ಸಾಕ್ಷಿ. ಸೈಮನ್ ಸ್ಟೆವಿನ್ 1585ರಲ್ಲಿ ದಶಮಾಂಶದ ಬಗ್ಗೆ ಕಿರುಹೊತ್ತಗೆ ಬರೆದದ್ದೂ ಜಮೀನು ಅಳೆಯುವವರು, ಬಟ್ಟೆ ಅಳೆಯುವವರು, ವರ್ತಕರು ಇಂಥವರಿಗಾಗಿಯೇ. ಅವನ ಬರವಣಿಗೆಯಲ್ಲಿ ಬಿಂದುವೇ ಇರಲಿಲ್ಲ. ಪ್ರತಿ ಅಂಕಿಗೂ ಸುತ್ತುಗೆರೆಯೊಳಗೆ 0, 1, 2 ಎಂದು ಸ್ಥಾನ ಗುರುತಿಸುತ್ತಿದ್ದ.

ಮನೆಯಲ್ಲಿ ಮುಕ್ಕಾಲು ಮಗ್ಗಿ ಬಾಯಿಪಾಠವಿರುವ ಅಜ್ಜನಿದ್ದರೆ 0.75 × 3 ಅವರಿಗೇ ಬಿಡಿ. ಎರಡೂಕಾಲು ಎಂದು ಅವರು ಹೇಳುವುದರೊಳಗೆ ಮೊಮ್ಮಗಳು ಎರಡು ಚೌಕ ತುಂಬಿ ಮೂರನೆಯದರಲ್ಲಿ ಇಪ್ಪತ್ತೈದು ಮನೆ ಹಚ್ಚುತ್ತಿರಲಿ.

ಎಲ್ಲಕ್ಕೂ ಬಣ್ಣ ಹಚ್ಚುತ್ತ ಕೂರಬಾರದು. 0.125ಕ್ಕೆ ನೂರು ಮನೆ ಸಾಲದು, ಪ್ರತಿ ಮನೆಯನ್ನೂ ಹತ್ತಾಗಿ ಸೀಳಬೇಕು. 3.72 × 18ಕ್ಕಂತೂ ಕ್ರೆಯಾನಿನ ಡಬ್ಬಿ ಮುಚ್ಚಿಡುವುದೇ ಸರಿ. ಅಲ್ಲಿ ಬಿಂದು ಮರೆತು ಗುಣಿಸಲಿ, 6696 ಬರುತ್ತದೆ. ಹದಿನೆಂಟು ಮೂರ್ಲಿ ಐವತ್ತನಾಲ್ಕು, ಹದಿನೆಂಟು ನಾಕ್ಲಿ ಎಪ್ಪತ್ತೆರಡು. ಉತ್ತರ ಇವೆರಡರ ನಡುವೆ ಇರಬೇಕು. ಚೌಕದಲ್ಲಿ ಪಳಗಿದ ಮಗು ಸ್ಥಾನ ಎಣಿಸುವ ಮೊದಲೇ ಎರಡು ಆರರ ಮುಂದೆ ಬಿಂದು ಇಟ್ಟಿರುತ್ತದೆ.